ಸಂಬಳ ಎಷ್ಟು ಅನ್ನಬೇಡಿ, ಗಂಟೆಗೆ ಎಷ್ಟು ಅನ್ನಿ

‘ವರ್ಷಕ್ಕೆ ನಾಲ್ಕು ಲಕ್ಷದ ಎಂಬತ್ತು ಸಾವಿರವಂತೆ ಕಣ್ರೀ!’ ಹೊಸ ಕೆಲಸದ ಸುದ್ದಿ ಬಂದರೆ ಮನೆಯಲ್ಲಿ ಮೊದಲು ಕೇಳುವ ಮಾತೇ ಇದು. ಟೊಮೆಟೊವನ್ನು ಕೆ.ಜಿ.ಗೆ ಎಷ್ಟು ಅಂತ ಕೇಳದೆ ಕೊಳ್ಳದ ನಾವು, ನಮ್ಮ ದುಡಿಮೆ ಗಂಟೆಗೆ ಎಷ್ಟು ಅಂತ ಮಾತ್ರ ಕೇಳೋದೇ ಇಲ್ಲ. ಮತ್ತೆ ಕೆಲಸಕ್ಕೆ ಹೋಗೋಣವೇ, ಬೇಡವೇ ಅಂತ ಯೋಚಿಸುತ್ತಿದ್ದರೆ ಒಂದು ಹಾಳೆ, ಪೆನ್ನು ಹಿಡಿದು ಕುಳಿತುಕೊಳ್ಳಿ.

ಮೊದಲು ಕಾಗದದ ಲೆಕ್ಕ. ತಿಂಗಳಿಗೆ 40,000. ದಿನಕ್ಕೆ 8 ಗಂಟೆಯಂತೆ 25 ದಿನ, ಅಂದರೆ 200 ಗಂಟೆ. ಗಂಟೆಗೆ 200 ರೂಪಾಯಿ. ಪರವಾಗಿಲ್ಲ ಅನ್ನಿಸುತ್ತೆ ಅಲ್ವಾ?

ಈಗ ನಿಜವಾದ ಲೆಕ್ಕ. ಆಫರ್ ಲೆಟರಿನಲ್ಲಿರುವುದು ‘ಸಿಟಿಸಿ’, ಅಂದರೆ ಕಂಪನಿ ನಿಮಗಾಗಿ ಮಾಡುವ ಒಟ್ಟು ಖರ್ಚು. ಮೂಲವೇತನ 20,000 ಅಂತಿಟ್ಟುಕೊಳ್ಳಿ. ಅದರ ಶೇ 12ರಂತೆ ಕಂಪನಿಯ ಪಾಲಿನ ಪಿಎಫ್ 2,400, ನಿಮ್ಮ ಪಾಲಿನದು 2,400, ಗ್ರಾಚ್ಯುಟಿ ಲೆಕ್ಕದಲ್ಲಿ ಸುಮಾರು 960, ವೃತ್ತಿ ತೆರಿಗೆ 200. ಕೈಗೆ ಬರುವುದು 34,000. ಇದರಲ್ಲಿ ಆಟೊ, ಸ್ಕೂಟರ್ ಪೆಟ್ರೋಲು, ಮಧ್ಯಾಹ್ನದ ಕಾಫಿ ತಿಂಡಿ, ಆಫೀಸಿಗೆಂದೇ ಕೊಳ್ಳುವ ಬಟ್ಟೆ, ಇಸ್ತ್ರಿ ಅಂತ 6,000 ಕಳೆಯಿರಿ. ಉಳಿದದ್ದು 28,000.

ಇನ್ನು ಗಂಟೆಗಳು. ಬೆಂಗಳೂರಿನ ಟ್ರಾಫಿಕ್‌ನಲ್ಲಿ ಹೋಗಿ ಬರಲು 3 ಗಂಟೆ. 2023ರ ಜೂನ್‌ನಲ್ಲಿ ಶುರುವಾದ ‘ಶಕ್ತಿ’ ಯೋಜನೆಯಲ್ಲಿ ನಮಗೆ ಬಸ್ ಟಿಕೆಟ್ ಉಚಿತ, ಸಿಲ್ಕ್ ಬೋರ್ಡ್ ಜಂಕ್ಷನ್‌ನಲ್ಲಿ ಕಳೆಯುವ ಸಮಯ ಉಚಿತವಲ್ಲ! ತಯಾರಾಗಲು ಅರ್ಧ ಗಂಟೆ, ಮನೆಗೆ ಬಂದ ಮೇಲೂ ಬರುವ ಆಫೀಸಿನ ಫೋನಿಗೆ ಅರ್ಧ ಗಂಟೆ. ದಿನಕ್ಕೆ 12, ತಿಂಗಳಿಗೆ 300 ಗಂಟೆ. 28,000ವನ್ನು 300ರಿಂದ ಭಾಗಿಸಿದರೆ ಗಂಟೆಗೆ 93 ರೂಪಾಯಿ. ಪಿಎಫ್ ನಮ್ಮದೇ ಉಳಿತಾಯ ಅಂತ ಸೇರಿಸಿದರೂ 110 ದಾಟದು.

ಇಷ್ಟಕ್ಕೇ ನಿಂತರೆ ಸರಿ. ಆದರೆ ಮನೆಗಳಲ್ಲಿ ಮುಂದೆ ನಡೆಯುವುದೇ ಬೇರೆ. ಮಗುವಿನ ಡೇ ಕೇರ್‌ಗೆ 8,000, ಅಡುಗೆಯವರಿಗೆ 4,000. ಈ 12,000ವನ್ನೂ ಹೆಂಡತಿಯ ಸಂಬಳದಿಂದಲೇ ಕಳೆದುಬಿಡುತ್ತಾರೆ. ಗಂಟೆಗೆ 53 ರೂಪಾಯಿ ಅಂತ ಬರುತ್ತೆ. ‘ಇಷ್ಟಕ್ಕಾಗಿ ಯಾಕೆ ಒದ್ದಾಡ್ತೀಯ, ಮನೇಲೇ ಇರು’ ಅನ್ನುತ್ತಾರೆ. ನಾವೂ ಹೌದು ಅಂತ ತಲೆಯಾಡಿಸುತ್ತೇವೆ.

ನನ್ನ ತಕರಾರು ಇಲ್ಲೇ. ಮಗು ಇಬ್ಬರದು, ಊಟ ಮಾಡುವವರು ಎಲ್ಲರೂ. ಡೇ ಕೇರ್ ಖರ್ಚು ಒಬ್ಬಳ ಸಂಬಳದಿಂದ ಯಾಕೆ ಹೋಗಬೇಕು? ಅರ್ಧ ಅವರ ಸಂಬಳದಿಂದಲೂ ಕಳೆಯಿರಿ. ಆಗ ನಿಮ್ಮದು 73 ರೂಪಾಯಿ ಆಗುತ್ತೆ. ಜೊತೆಗೆ ಯಜಮಾನರ ಲೆಕ್ಕವನ್ನೂ ಇದೇ ಹಾಳೆಯಲ್ಲಿ ಹಾಕಿ. ಅವರ ಡಬ್ಬಿ ಕಟ್ಟಿದವರು ಯಾರು, ಮಗುವಿಗೆ ಜ್ವರ ಬಂದ ದಿನ ರಜ ಹಾಕಿದವರು ಯಾರು? ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 289 ನಿಮಿಷ ಕೊಡುತ್ತಾರೆ, ಗಂಡಸರು 88 ನಿಮಿಷ. ಅವರ ಗಂಟೆಯ ದರ ಎತ್ತರದಲ್ಲಿ ಕಾಣುವುದು ನಮ್ಮ ಗಂಟೆಗಳು ಯಾವ ಲೆಕ್ಕಕ್ಕೂ ಸೇರದೆ ಇರುವುದರಿಂದ.

ಹಾಗಂತ ಯಾವ ಕೆಲಸ ಸಿಕ್ಕರೂ ಹೋಗಿ ಅನ್ನುತ್ತಿಲ್ಲ. ಮನೆ ಹತ್ತಿರವೇ ಕೈಗೆ 30,000 ಕೊಡುವ ಕೆಲಸ ಇದೆ ಅನ್ನಿ. ಖರ್ಚು 2,000, ಓಡಾಟ ಎಲ್ಲ ಸೇರಿ ದಿನಕ್ಕೆ 9 ಗಂಟೆ. ಗಂಟೆಗೆ 124 ರೂಪಾಯಿ! ಸಂಬಳ ಕಡಿಮೆ, ಗಳಿಕೆ ಹೆಚ್ಚು. ಇನ್ನೊಂದು ಮಾತು. ಡೇ ಕೇರ್ ಖರ್ಚು ನಾಲ್ಕೈದು ವರ್ಷದ್ದು, ಅನುಭವ ಮತ್ತು ಪಿಎಫ್ ಬೆಳೆಯುತ್ತಲೇ ಹೋಗುವಂಥವು. ಇವತ್ತಿನ 73 ರೂಪಾಯಿ ನೋಡಿ ಹತ್ತು ವರ್ಷದ ತೀರ್ಮಾನ ಮಾಡಬೇಡಿ.

ಮನೆಯಲ್ಲೇ ಇರುವುದು ನಿಮ್ಮ ಇಷ್ಟವಾದರೆ ಸಂತೋಷವಾಗಿ ಇರಿ, ಅದಕ್ಕೆ ಯಾರಿಗೂ ಲೆಕ್ಕ ಒಪ್ಪಿಸಬೇಕಿಲ್ಲ. ಆದರೆ ‘ಗಿಟ್ಟೋದಿಲ್ಲ’ ಅನ್ನುವ ಕಾರಣಕ್ಕೆ ಬಿಡುವುದಾದರೆ, ಆ ಲೆಕ್ಕ ಹಾಕಿದವರು ಯಾರು, ಯಾರ ಸಂಬಳದಿಂದ ಏನೇನು ಕಳೆದರು ಅಂತ ಒಮ್ಮೆ ನೋಡಿಬಿಡಿ. ಪೆನ್ನು ನಿಮ್ಮ ಕೈಯಲ್ಲೇ ಇರಲಿ.