ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು

ಒಂಬತ್ತನೇ ತರಗತಿಯ ಪಾಠ ಮುಗಿಸಿ ಬೋರ್ಡ್ ಒರೆಸುತ್ತಿದ್ದೆ. ಮುಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು. "ಸರ್, ಮಾತೆ ಮರಿಯಮ್ಮನವರ ಪ್ರತಿಮೆ ಕಣ್ಣಿಂದ ನೀರು ಬರ್ತಿರೋ ವಿಡಿಯೊ ನಮ್ಮಜ್ಜಿ ಮೊಬೈಲಿಗೆ ಬಂದಿದೆ. ಅದು ನಿಜಾನಾ?" ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಹುಡುಗಿಯ ಮುಖ ಸಣ್ಣದಾಯಿತು.

ನಾನು ಪಾಠ ಮಾಡುವುದು ಕ್ಯಾಥೊಲಿಕ್ ಸಿಸ್ಟರ್‌ಗಳು ನಡೆಸುವ ಪ್ರೌಢಶಾಲೆಯಲ್ಲಿ. ತರಗತಿಯಲ್ಲಿ ಎಲ್ಲ ಜಾತಿ, ಮತದ ಮಕ್ಕಳೂ ಇದ್ದಾರೆ. "ಅದೆಲ್ಲ ಸುಳ್ಳು, ಕೂತ್ಕೋ" ಎಂದರೆ ಒಂದು ಮನೆಯ ಭಕ್ತಿಗೆ ಪೆಟ್ಟು. "ಇರಬಹುದಮ್ಮ" ಎಂದು ಜಾರಿಕೊಂಡರೆ ಇಷ್ಟು ವರ್ಷ ವಿಜ್ಞಾನದ ಮೇಷ್ಟ್ರೆಂದು ಸಂಬಳ ಎಣಿಸಿಕೊಂಡದ್ದಕ್ಕೆ ಅರ್ಥವಿಲ್ಲ. "ನಾಳೆ ಹೇಳ್ತೀನಿ" ಎಂದೆ. ಮೇಷ್ಟ್ರುಗಳಿಗೆ ಈ ಮಾತು ದೊಡ್ಡ ಆಸರೆ.

ಸಂಜೆ ಧರ್ಮೋಪದೇಶದ ಪಾಠ ಮಾಡುವ ಸಿಸ್ಟರ್ ಹತ್ತಿರ ಹೋಗಿ ವಿಷಯ ತಿಳಿಸಿದೆ. ಅವರಿಗೆ ಬೇಸರವಾದೀತೆಂದು ಅಳುಕಿತ್ತು. ಅವರು ನಕ್ಕು, "ಸರ್, ಇಂಥ ಸುದ್ದಿ ಬಂದರೆ ಮೊದಲು ಅನುಮಾನ ಪಡುವುದು ನಮ್ಮ ಧರ್ಮಸಭೆಯೇ. ಮಕ್ಕಳಿಗೆ ಅದನ್ನೇ ಹೇಳೋಣ" ಎಂದರು.

ಅವರು ಹೇಳಿದ್ದು ನಿಜ. ಇಟಲಿಯ ರೋಮ್ ಹತ್ತಿರ ಟ್ರೆವಿನ್ಯಾನೊ ಎಂಬ ಊರಿದೆ. ಅಲ್ಲಿ ಮಾತೆಯ ಪ್ರತಿಮೆ ರಕ್ತದ ಕಣ್ಣೀರು ಸುರಿಸುತ್ತದೆ ಎಂದು ಜನ ಸೇರುತ್ತಿದ್ದರು. ಅಲ್ಲಿನ ಬಿಷಪ್ ವಿಚಾರಣೆ ನಡೆಸಿ, ಇದರಲ್ಲಿ ಅಲೌಕಿಕವಾದದ್ದು ಏನೂ ಇಲ್ಲವೆಂದು 2024ರ ಮಾರ್ಚ್‌ನಲ್ಲಿ ತೀರ್ಮಾನ ಕೊಟ್ಟರು. ಅದೇ ವರ್ಷ ಮೇ ತಿಂಗಳಲ್ಲಿ ವ್ಯಾಟಿಕನ್ ಇಂಥ ಘಟನೆಗಳ ವಿಚಾರಣೆಗೆಂದೇ ಹೊಸ ನಿಯಮಗಳನ್ನು ಹೊರಡಿಸಿತು. ಫ್ರಾನ್ಸ್ ದೇಶದ ಲೂರ್ದಿನ ಲೆಕ್ಕ ಇನ್ನೂ ಸ್ವಾರಸ್ಯವಾದದ್ದು. ಅಲ್ಲಿ ರೋಗ ವಾಸಿಯಾಯಿತೆಂದು ಹೇಳಿಕೊಂಡವರನ್ನು ಪರೀಕ್ಷಿಸಲು 1883ರಿಂದಲೂ ವೈದ್ಯರ ಕಚೇರಿಯೊಂದಿದೆ. ದಾಖಲಾದ ಪ್ರಕರಣಗಳು 7,000ಕ್ಕೂ ಹೆಚ್ಚು. ಧರ್ಮಸಭೆ ಪವಾಡವೆಂದು ಒಪ್ಪಿಕೊಂಡವು 70ಕ್ಕಿಂತ ಸ್ವಲ್ಪವೇ ಹೆಚ್ಚು. ನಂಬಿಕೆಯ ತವರಿನಲ್ಲೇ ಇಷ್ಟು ಜರಡಿ ಹಿಡಿಯುತ್ತಾರೆ ಎಂದಮೇಲೆ ಮೊಬೈಲಿಗೆ ಬಂದದ್ದನ್ನು ನಾವೇಕೆ ಜರಡಿ ಹಿಡಿಯಬಾರದು?

ಮಾರನೆಯ ದಿನ ಇಬ್ಬರೂ ಸೇರಿ ತರಗತಿಗೆ ಹೋದೆವು. ಬೋರ್ಡಿನ ಮೇಲೆ ನಾಲ್ಕು ಪ್ರಶ್ನೆ ಬರೆದೆ.

ಇದನ್ನು ಹೇಳಿದವರು ಯಾರು? ಅವರಿಗೆ ಹೇಗೆ ಗೊತ್ತಾಯಿತು? ಇದು ಎಲ್ಲಿ, ಯಾವಾಗ ನಡೆದದ್ದು? ಇದರಲ್ಲಿ ಏನನ್ನು ಬಿಟ್ಟಿದ್ದಾರೆ?

ಬೇರೆಯವರ ಮನೆಯಿಂದ ಆರಂಭಿಸುವುದು ಮರ್ಯಾದೆಯಲ್ಲ. ಹಾಗಾಗಿ ನಮ್ಮ ಮನೆಯಿಂದಲೇ ಶುರು ಮಾಡಿದೆ. 1995ರ ಸೆಪ್ಟೆಂಬರ್ 21ರಂದು ದೇಶದ ತುಂಬ ಗಣಪತಿ ಹಾಲು ಕುಡಿದ. ಆಗ ಮೊಬೈಲೂ ಇಲ್ಲ, ವಾಟ್ಸ್‌ಆ್ಯಪೂ ಇಲ್ಲ; ಆದರೂ ಟೆಲಿಫೋನ್, ಟಿ.ವಿ.ಗಳಿಂದ ಒಂದೇ ದಿನದಲ್ಲಿ ಸುದ್ದಿ ಎಲ್ಲ ಕಡೆ ಹಬ್ಬಿತು. ಬಿ.ಎಸ್ಸಿ., ಬಿ.ಎಡ್. ಓದಿದ್ದ ನಾನೂ ಅಮ್ಮನ ಜೊತೆ ಹಾಲಿನ ಲೋಟ ಹಿಡಿದು ಸಾಲಿನಲ್ಲಿ ನಿಂತಿದ್ದೆ! ಇದನ್ನು ಹೇಳಿದಾಗ ಇಡೀ ತರಗತಿ ಗೊಳ್ಳೆಂದು ನಕ್ಕಿತು.

ಆಮೇಲೆ ಒಂದು ಮಣ್ಣಿನ ಗೊಂಬೆಯನ್ನು ನೀರಿನಲ್ಲಿ ಅದ್ದಿ ಮೇಜಿನ ಮೇಲಿಟ್ಟೆ. ಚಮಚದ ತುಂಬ ಹಾಲು ತೆಗೆದು, ಅಂಚನ್ನು ಗೊಂಬೆಯ ತುಟಿಗೆ ತಾಗಿಸಿ ಸ್ವಲ್ಪ ಓರೆ ಮಾಡಿದೆ. ಹಾಲು ಸರಸರನೆ ಕಡಿಮೆಯಾಯಿತು. ಎರಡನೆಯ ಸಲ ಹಾಲಿಗೆ ಎರಡು ತೊಟ್ಟು ಕೆಂಪು ಇಂಕು ಹಾಕಿದೆ. ಈಗ ಗೊಂಬೆಯ ಗದ್ದ, ಎದೆ, ಹೊಟ್ಟೆಯ ಮೇಲೆ ಕೆಂಪು ಗೆರೆ ಇಳಿಯಿತು. ಮೇಲ್ಮೈ ಎಳೆತದಿಂದ ಚಮಚ ಬಿಟ್ಟ ಹಾಲು ತೆಳ್ಳಗೆ ಕೆಳಗೆ ಹರಿದುಹೋಗುತ್ತಿತ್ತು, ಅಷ್ಟೆ. 1995ರಲ್ಲಿ ದೆಹಲಿಯ ವಿಜ್ಞಾನಿಗಳೂ ಹಾಲಿಗೆ ಬಣ್ಣ ಹಾಕಿಯೇ ಇದನ್ನು ತೋರಿಸಿದ್ದರು. ಕಂಡದ್ದು ಸುಳ್ಳಲ್ಲ, ಹಾಲು ಖಾಲಿಯಾದದ್ದು ನಿಜ. ಅದಕ್ಕೆ ನಾವು ಕೊಟ್ಟುಕೊಂಡ ಕಾರಣ ತಪ್ಪು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ಹಿರಿಯರು ಹೇಳಿದ್ದು ಇದಕ್ಕೇ.

ಈಗ ಪ್ರತ್ಯಕ್ಷವನ್ನೇ ತಯಾರು ಮಾಡುವ ಕಾಲ ಬಂದಿದೆ. 2023ರ ಮಾರ್ಚ್‌ನಲ್ಲಿ ಪೋಪ್ ಫ್ರಾನ್ಸಿಸ್ ದಪ್ಪನೆಯ ಬಿಳಿ ಫ್ಯಾಷನ್ ಜಾಕೆಟ್ ತೊಟ್ಟು ನಡೆಯುವ ಚಿತ್ರ ಪ್ರಪಂಚವನ್ನೆಲ್ಲ ಸುತ್ತಿತು. ಅದು ಕಂಪ್ಯೂಟರ್ ಸೃಷ್ಟಿಸಿದ ಚಿತ್ರ. ಅಂಥ ಕ್ಷಣ ನಡೆದೇ ಇರಲಿಲ್ಲ. ಮರುವರ್ಷ ಮಾಧ್ಯಮ ದಿನದ ಸಂದೇಶದಲ್ಲಿ ಪೋಪ್, ತಾವೂ ಇಂಥ ನಕಲಿ ಚಿತ್ರಗಳಿಗೆ ಗುರಿಯಾದದ್ದನ್ನು ಹೇಳಿಕೊಂಡರು.

ಜಾಕೆಟ್ಟಿನ ಚಿತ್ರ ನಂಬಿದರೆ ಯಾರಿಗೂ ನಷ್ಟವಿಲ್ಲ ಎನ್ನಬಹುದು. ಆದರೆ ಎಲ್ಲ ಸುಳ್ಳೂ ಅಷ್ಟು ಸಾಧುವಲ್ಲ. ನನ್ನದೇ ತಪ್ಪೊಂದನ್ನು ಮಕ್ಕಳಿಗೆ ಹೇಳಿದೆ, ನಿಮಗೂ ಹೇಳಬೇಕು.

2018ರಲ್ಲಿ ಮಕ್ಕಳ ಕಳ್ಳರ ಸುದ್ದಿ ಎಲ್ಲೆಲ್ಲೂ ಹರಡಿತ್ತು. ಬೈಕಿನಲ್ಲಿ ಬಂದ ಇಬ್ಬರು ರಸ್ತೆಯಲ್ಲಿ ಆಡುತ್ತಿದ್ದ ಮಗುವನ್ನು ಎತ್ತಿಕೊಂಡು ಹೋಗುವ ವಿಡಿಯೊ ನನಗೂ ಬಂತು. ಎದೆ ಧಸಕ್ಕೆಂದಿತು. "ಎಚ್ಚರವಿರಲಿ" ಎಂದು ಬರೆದು ಪಾಲಕರ ಗುಂಪಿಗೆ ಕಳಿಸಿಬಿಟ್ಟೆ. ಎರಡು ದಿನದ ಮೇಲೆ ಶಾಲೆಯ ಗೇಟಿನ ಮರದ ಕೆಳಗೆ ಬೆಡ್‌ಶೀಟ್ ಮಾರುವವನೊಬ್ಬ ಗಂಟು ಇಳಿಸಿ ಕುಳಿತಿದ್ದ. ಹಿಂದಿ ಬಿಟ್ಟು ಬೇರೆ ಭಾಷೆ ಬಾರದು. ಮಕ್ಕಳನ್ನು ಕರೆದೊಯ್ಯಲು ಬಂದವರು ಅವನನ್ನು ಸುತ್ತುವರಿದರು. ಒಬ್ಬರು ಕಾಲರ್ ಹಿಡಿದರು, ಇನ್ನೊಬ್ಬರು ಗಂಟು ಎಳೆದು ಬಿಸಾಕಿದರು. ಹೆಡ್‌ಮಿಸ್ಟ್ರೆಸ್ ಸಿಸ್ಟರ್ ಓಡಿಬಂದು, ಅವನ ಕೈ ಹಿಡಿದು ಆಫೀಸಿನ ಒಳಗೆ ಕೂರಿಸಿ ಬಾಗಿಲು ಹಾಕಿಕೊಂಡರು. ನೀರು ಕೊಟ್ಟರೆ ಅವನ ಕೈ ನಡುಗಿ ಲೋಟದ ನೀರೆಲ್ಲ ಅಂಗಿಯ ಮೇಲೆ. "ಯಾಕ್ರಪ್ಪಾ ಹೀಗೆ ಮಾಡಿದ್ರಿ?" ಎಂದು ಹೊರಗಿದ್ದವರನ್ನು ಕೇಳಿದೆ. ಒಬ್ಬ ತಂದೆ ಮೊಬೈಲ್ ತೋರಿಸಿ ಹೇಳಿದರು: "ನೀವೇ ಕಳಿಸಿದ್ರಲ್ಲ ಸರ್?"

ಆ ವಿಡಿಯೊ ಕರಾಚಿಯದು. ಮಕ್ಕಳ ಬಗ್ಗೆ ಜಾಗ್ರತೆ ವಹಿಸಿ ಎಂದು ತಿಳಿಸಲು ಅಲ್ಲಿ ತಯಾರಿಸಿದ ಕಿರುಚಿತ್ರ. ಬೈಕಿನವರು ಮಗುವನ್ನು ವಾಪಸ್ ತಂದು ಬಿಟ್ಟು, ಎಚ್ಚರಿಕೆಯ ಫಲಕ ತೋರಿಸುವುದು ಅದರ ಕೊನೆ. ಆ ಕೊನೆಯನ್ನು ಯಾರೋ ಕತ್ತರಿಸಿದ್ದರು. ನನ್ನ ನಾಲ್ಕನೇ ಪ್ರಶ್ನೆ ಹುಟ್ಟಿದ್ದು ಅಲ್ಲಿಂದ. ಅದೇ ವರ್ಷ ಜುಲೈ 13ರಂದು ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳಿಗೆ ಚಾಕೊಲೇಟ್ ಕೊಟ್ಟರೆಂಬುದರಿಂದ ಹುಟ್ಟಿದ ಗುಮಾನಿಗೆ ಹೈದರಾಬಾದಿನ ಯುವ ಇಂಜಿನಿಯರ್ ಒಬ್ಬರು ಗುಂಪಿನ ಕೈಯಲ್ಲಿ ಪ್ರಾಣ ಕಳೆದುಕೊಂಡರು. ನಮ್ಮ ಗೇಟಿನಲ್ಲಿ ಸಿಸ್ಟರ್ ಇದ್ದರು, ಅಲ್ಲಿ ಗುಂಪನ್ನು ತಡೆಯಲು ಸಾಧ್ಯವಾಗಲಿಲ್ಲ. ವ್ಯತ್ಯಾಸ ಇಷ್ಟೇ.

ನನ್ನ ಮಾತು ಮುಗಿದಾಗ ಯಾರೂ ನಗಲಿಲ್ಲ. ಆಗ ಸಿಸ್ಟರ್ ಎದ್ದರು. ನೆರೆಯವನ ಮೇಲೆ ಸುಳ್ಳುಸಾಕ್ಷಿ ಹೇಳಬಾರದೆಂಬುದು ಎಂಟನೆಯ ಆಜ್ಞೆ. ಸಾಕ್ಷಿ ಎಂದರೆ ಕೋರ್ಟಿನ ಕಟಕಟೆ ಒಂದೇ ಅಲ್ಲ, ಫಾರ್ವರ್ಡ್ ಒತ್ತುವುದೂ ಸಾಕ್ಷಿ ಹೇಳುವುದೇ ಎಂದರು. ರೋಮಿನ ಸಂತ ಫಿಲಿಪ್ ನೇರಿಯ ಬಗ್ಗೆ ಹೇಳುವ ಒಂದು ಕಥೆಯನ್ನೂ ಹೇಳಿದರು. ಚಾಡಿ ಹೇಳುವ ಹೆಂಗಸೊಬ್ಬಳು ಪಾಪನಿವೇದನೆಗೆ ಬಂದಳು. ಸಂತರು, ಒಂದು ಕೋಳಿಯ ಗರಿಗಳನ್ನು ದಾರಿಯುದ್ದಕ್ಕೂ ಕಿತ್ತು ಹಾಕುತ್ತ ಬಾ ಎಂದರು. ಬಂದಮೇಲೆ, ಈಗ ಹೋಗಿ ಆ ಗರಿಗಳನ್ನೆಲ್ಲ ಆರಿಸಿ ತಾ ಎಂದರು. ಗಾಳಿಗೆ ಹಾರಿದ ಗರಿ ಸಿಕ್ಕೀತೆ?

2018ರ ಆ ಗಲಾಟೆಗಳ ನಂತರ ವಾಟ್ಸ್‌ಆ್ಯಪ್ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಷ್ಟೇ ಕಳಿಸುವ ಮಿತಿ ಹಾಕಿತು. ಒಳ್ಳೆಯದೇ. ಆದರೆ ಲೆಕ್ಕ ಹಾಕಿ ನೋಡಿ, ಮಕ್ಕಳೇ. ಪಡೆದ ಪ್ರತಿಯೊಬ್ಬರೂ ಐವರಿಗೆ ಕಳಿಸಿದರೆ 5, 25, 125, 625. ಐದನೆಯ ಸುತ್ತಿಗೆ 3,125. ಗರಿ ಹಾರುವುದು ನಿಲ್ಲಬೇಕಾದರೆ ಕೀಳುವ ಕೈಯೇ ನಿಲ್ಲಬೇಕು.

ಪಾಲಕರಲ್ಲಿ ಒಂದು ಮಾತು. ಮಕ್ಕಳ ಕೈಯಿಂದ ಮೊಬೈಲ್ ಕಿತ್ತುಕೊಂಡ ಮಾತ್ರಕ್ಕೆ ವಿವೇಕ ಬರುವುದಿಲ್ಲ. ರಾತ್ರಿ ಊಟದ ಹೊತ್ತಿಗೆ ನಿಮಗೆ ಬಂದ ಒಂದು ಸಂದೇಶವನ್ನು ಮಕ್ಕಳ ಮುಂದಿಟ್ಟು ಆ ನಾಲ್ಕು ಪ್ರಶ್ನೆ ಕೇಳಿ. ಉತ್ತರ ಸಿಗದಿದ್ದರೆ ಕಳಿಸಬೇಡಿ. "ಅಪ್ಪಾ, ಇದು ಹಳೇ ಫೋಟೊ" ಎಂದು ಮಗ ತಿದ್ದಿದರೆ ಗದರಬೇಡಿ. ತಪ್ಪು ಕಳಿಸಿದ್ದರೆ, ಕಳಿಸಿದ ಕಡೆಗೇ "ಅದು ತಪ್ಪು" ಎಂದೂ ಬರೆಯಿರಿ. ನಾನು ಅಂದು ಸಂಜೆ ಬರೆದೆ. ಬರೆಯುವಾಗ ನಾಚಿಕೆಯಾಗಿತ್ತು, ಆದರೂ ಬರೆಯದೆ ನಿದ್ದೆ ಬರುತ್ತಿರಲಿಲ್ಲ.

ಒಂದು ವಾರದ ಮೇಲೆ ಆ ಹುಡುಗಿ ಸ್ಟಾಫ್ ರೂಮಿಗೆ ಬಂದಳು. ಅಜ್ಜಿಗೆ ಬೋರ್ಡಿನ ಪ್ರಶ್ನೆಗಳನ್ನು ಓದಿ ಹೇಳಿದಳಂತೆ. ವಿಡಿಯೊ ಯಾವ ಊರಿನದೆಂದು ಕಳಿಸಿದವರಿಗೂ ಗೊತ್ತಿರಲಿಲ್ಲವಂತೆ. "ಅಜ್ಜಿಗೆ ಬೇಜಾರಾಯ್ತೇನಮ್ಮಾ?" ಎಂದೆ. "ಇಲ್ಲ ಸರ್. ಮಾತೆ ಅತ್ತರೂ ಅಳದಿದ್ದರೂ ನಾನು ಜಪಸರ ಹೇಳೋದು ಹೇಳ್ತೀನಿ, ಆ ವಿಡಿಯೊ ಅಳಿಸಿಬಿಡು ಅಂದ್ರು."