ಹೊಲಿಗೆ ಹಾಕೋ ಮೊದಲು ಹೇಳಿಬಿಡಿ

ನನ್ನ ಎರಡೂ ಮಂಡಿಗಳ ಮೇಲೆ ಅಗಲವಾದ ಕಲೆಗಳಿವೆ. ಅಲ್ಲಿ ಚರ್ಮ ಈರುಳ್ಳಿ ಸಿಪ್ಪೆಯ ಹಾಗೆ ತೆಳ್ಳಗೆ, ಸುಕ್ಕುಸುಕ್ಕು. ‘ಗಾಡಿಯಿಂದ ಬಿದ್ಯಾ? ಯಾವುದಾದ್ರೂ ಕ್ರೀಮ್ ಹಚ್ಚಬಾರ್ದಾ?’ ಅಂತ ಕೇಳೋರೇ ಎಲ್ಲ. ಕ್ರೀಮಿಗೆ ಹೋಗೋ ಕಲೆ ಇದಲ್ಲ. ನನಗಿರೋದು ಎಹ್ಲರ್ಸ್-ಡ್ಯಾನ್ಲೋಸ್ ಸಿಂಡ್ರೋಮ್.

ಚರ್ಮ, ಕೀಲು, ರಕ್ತನಾಳಗಳಿಗೆ ಗಟ್ಟಿತನ ಕೊಡೋದು ಕೊಲಾಜನ್ ಎಂಬ ಪ್ರೋಟೀನ್. ನಮ್ಮಲ್ಲಿ ಅದಕ್ಕೆ ಸಂಬಂಧಿಸಿದ ಜೀನ್‌ನಲ್ಲೇ ದೋಷ. 2017ರ ಅಂತಾರಾಷ್ಟ್ರೀಯ ವರ್ಗೀಕರಣದ ಪ್ರಕಾರ ಇದರಲ್ಲಿ 13 ಬಗೆ. ನನ್ನದು ‘ಕ್ಲಾಸಿಕಲ್’. ಚರ್ಮ ಎಳೆದರೆ ರಬ್ಬರಿನಂತೆ ಬರುತ್ತೆ, ಸಣ್ಣ ಪೆಟ್ಟಿಗೂ ಸೀಳುತ್ತೆ, ಮಾಗಿದ ಮೇಲೂ ಕಲೆ ಹಿಗ್ಗುತ್ತೆ.

ವೈದ್ಯರು ಮೊದಲು ನೋಡಿದ್ದು ಈ ಕಲೆಗಳನ್ನೇ. ಆಮೇಲೆ ಹೆಬ್ಬೆರಳು ಬಾಗಿ ಮುಂಗೈಗೆ ತಾಗುತ್ತಾ, ಮಂಡಿ ಮಡಚದೆ ಅಂಗೈ ನೆಲಕ್ಕೆ ಊರುತ್ತಾ ಅಂತೆಲ್ಲ ನೋಡಿ 9ಕ್ಕೆ ಅಂಕ ಹಾಕಿದರು. ನನ್ನ ವಯಸ್ಸಿನವರಿಗೆ 5 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಕೀಲು ಸಡಿಲ ಅಂತ ಲೆಕ್ಕ. ಕೊನೆಗೆ ಜೀನ್ ಪರೀಕ್ಷೆಯಲ್ಲಿ ಖಚಿತವಾಯಿತು. ಯಾವ ಬಗೆ ಅಂತ ತಿಳಿಯೋದು ಮುಖ್ಯ, ಯಾಕಂದ್ರೆ ಒಂದು ಬಗೆಯಲ್ಲಿ ದೊಡ್ಡ ರಕ್ತನಾಳವೇ ಒಡೆಯಬಹುದು.

ಚಿಕ್ಕವಳಿದ್ದಾಗ ಮೈಮೇಲಿನ ನೀಲಿ ಗುರುತು ನೋಡಿ, ‘ಮನೇಲಿ ಹೊಡೀತಾರಾ?’ ಅಂತ ಶಾಲೆಯಲ್ಲಿ ಕೇಳಿದ್ದರು. ಕಾಯಿಲೆಗೆ ಹೆಸರು ಸಿಕ್ಕ ದಿನ ಅಮ್ಮ ಅತ್ತರು. ಅದು ಹೆದರಿಕೆಯ ಅಳುವಲ್ಲ.

ಇದನ್ನು ಬುಡಸಮೇತ ಗುಣಪಡಿಸುವ ಔಷಧಿ ಇಲ್ಲ. ಆದರೆ ಹೊಸ ಗಾಯವನ್ನು ನೋಡಿಕೊಳ್ಳೋ ರೀತಿಯಿಂದ ಕಲೆ ಎಷ್ಟೋ ಕಡಿಮೆಯಾಗುತ್ತೆ. ಮಾಮೂಲಿ ಹೊಲಿಗೆ ನಮ್ಮ ಚರ್ಮವನ್ನೇ ಹರಿದುಬಿಡಬಹುದು. ಹಾಗಾಗಿ ಎಳೆತ ಬೀಳದಂತೆ ಒಳಪದರಕ್ಕೊಂದು, ಹೊರಪದರಕ್ಕೊಂದು ಹೊಲಿಗೆ ಬೇಕು. ಬೇರೆಯವರಿಗಿಂತ ಸುಮಾರು ಎರಡು ಪಟ್ಟು ದಿನ ಅದನ್ನು ಬಿಚ್ಚಬಾರದು. ಮೇಲೆ ಟೇಪಿನ ಆಸರೆ ಇರಬೇಕು, ಕೀಳುವಾಗ ನಿಧಾನ. ಮರಗಟ್ಟಿಸೋ ಇಂಜೆಕ್ಷನ್ ಕೂಡ ನಮ್ಮಲ್ಲಿ ಕೆಲವರಿಗೆ ಸರಿಯಾಗಿ ಹತ್ತಲ್ಲ. ಹಳೇ ಕಲೆಯನ್ನು ಕೊಯ್ಸಿ ಸರಿಮಾಡಿಸೋಕೆ ಹೋದರೆ ಅದೂ ಹೊಸ ಗಾಯವೇ, ಮತ್ತೆ ಅಗಲವಾಗಬಹುದು.

ಮುಂದಿನ ವರ್ಷ ನನ್ನ ಮದುವೆ. ಹುಟ್ಟುವ ಪ್ರತಿ ಮಗುವಿಗೂ ಇದು ಬರುವ ಸಾಧ್ಯತೆ ಶೇ. 50. ಹುಡುಗನಿಗೆ ಎಲ್ಲ ಹೇಳಿದ್ದೇನೆ, ಇಬ್ಬರೂ ಜೆನೆಟಿಕ್ ಕೌನ್ಸೆಲಿಂಗ್‌ಗೆ ಹೋಗಿಬಂದೆವು. ಮಗುವಿಗೂ ಬಂದರೆ ಆಡುವಾಗ ಮಂಡಿಗೆ, ಕಣಕಾಲಿಗೆ ಪ್ಯಾಡ್ ಕಟ್ಟುತ್ತೇವೆ, ಶಾಲೆಗೆ ಮೊದಲ ದಿನವೇ ತಿಳಿಸುತ್ತೇವೆ.

ನಿಮಗೂ ಇಂಥ ಕಲೆಗಳ ಜೊತೆ ಕೀಲು ಸಡಿಲ ಇದ್ದರೆ ಒಮ್ಮೆ ಚರ್ಮರೋಗ ತಜ್ಞರಿಗೋ ಜೆನೆಟಿಕ್ಸ್ ತಜ್ಞರಿಗೋ ತೋರಿಸಿ. ಕಾಯಿಲೆ ಖಚಿತವಾದರೆ ಅದರ ಹೆಸರನ್ನು ಫೋನಿನ ಎಮರ್ಜೆನ್ಸಿ ಮಾಹಿತಿಯಲ್ಲಿ ಬರೆದಿಡಿ. ಕ್ಯಾಶುಯಲ್ಟಿಯಲ್ಲಿ ಸೂಜಿ ಕೈಗೆತ್ತಿಕೊಂಡವರಿಗೆ ಆ ಒಂದು ಸಾಲು ಸಾಕು.