ಕತ್ತು ನೋಡಿ ಹೆಸರು ಹೇಳಿ

ಕರಾವಳಿಯ ಮದುವೆ ಮಂಟಪದಲ್ಲಿ, ದೇವಸ್ಥಾನದ ಜಾತ್ರೆಯಲ್ಲಿ, ನೇಮ ಕೋಲದ ಗದ್ದಲದಲ್ಲಿ ಸ್ಯಾಕ್ಸೋಫೋನ್ ಕೇಳದವರು ಕಡಿಮೆ. ನಾಗಸ್ವರದ ಜಾಗದಲ್ಲಿ ಈಗ ಎಷ್ಟೋ ಕಡೆ ಅದೇ ಕೂತಿದೆ. ಆದರೂ ಆಮಂತ್ರಣ ಪತ್ರಿಕೆಯಲ್ಲಿ ಅಚ್ಚಾಗುವುದು ‘ಸ್ಯಾಕ್ಸೋಫೋನ್ ವಾದನ’ ಎಂದಷ್ಟೇ. ಪತ್ರಿಕೆಗಳ ಫೋಟೊ ಅಡಿಬರಹವೂ ಅದಕ್ಕಿಂತ ಮುಂದೆ ಹೋಗುವುದಿಲ್ಲ. ಯಾವ ಸ್ಯಾಕ್ಸೋಫೋನ್ ಎಂದು ಕೇಳುವವರಿಲ್ಲ.

ಕೇಳಬೇಕು. ಏಕೆಂದರೆ ಅದು ಒಂದು ವಾದ್ಯದ ಹೆಸರಲ್ಲ, ಒಂದು ಮನೆತನದ ಹೆಸರು. ಬೆಲ್ಜಿಯಂನ ದಿನಾಂ ಊರಿನಲ್ಲಿ ಹುಟ್ಟಿದ ಅಡಾಲ್ಫ್ ಸ್ಯಾಕ್ಸ್ 1846ರಲ್ಲಿ ಪ್ಯಾರಿಸ್ಸಿನಲ್ಲಿ ಪೇಟೆಂಟ್ ಪಡೆದಾಗಲೇ ಅದು ಚಿಕ್ಕದರಿಂದ ದೊಡ್ಡದರವರೆಗೆ ಸಾಲುಗಟ್ಟಿದ ಒಂದು ಕುಟುಂಬವಾಗಿತ್ತು. ಇವತ್ತು ಹೆಚ್ಚಾಗಿ ಕಾಣುವವರು ನಾಲ್ವರು: ಸೊಪ್ರಾನೊ, ಆಲ್ಟೋ, ಟೆನರ್, ಬ್ಯಾರಿಟೋನ್. ಮೈಸೂರಿನ ಅರಮನೆ ಬ್ಯಾಂಡಿನಲ್ಲಿ ಕಂಡು ಮರುಳಾಗಿ, ನಾಗಸ್ವರದ ಮನೆಯಿಂದ ಬಂದ ಕದ್ರಿ ಗೋಪಾಲನಾಥರು ಕರ್ನಾಟಕ ಸಂಗೀತಕ್ಕೆ ಪಳಗಿಸಿದ್ದು ಆಲ್ಟೋವನ್ನು. 1994ರಲ್ಲಿ ಅವರು ಲಂಡನ್ನಿನ ಬಿಬಿಸಿ ಪ್ರಾಮ್ಸ್‌ನಲ್ಲಿ ನುಡಿಸಿದರು, 2004ರಲ್ಲಿ ಪದ್ಮಶ್ರೀ ಬಂತು. ಅವರ ಊರಿನ ಸುತ್ತಮುತ್ತಲೇ ‘ಆಲ್ಟೋ’ ಎಂದರೆ ಇನ್ನೂ ಕಾರಿನ ನೆನಪಾಗುವುದು ಸ್ವಲ್ಪ ಬೇಸರದ ಸಂಗತಿ.

ಹೊಸಬರು ಸಾಮಾನ್ಯವಾಗಿ ನೇರವೋ ಡೊಂಕೋ ಎಂದು ನೋಡುತ್ತಾರೆ. ಎಡವುವುದು ಅಲ್ಲೇ. ಸೊಪ್ರಾನೊ ಹೆಚ್ಚಾಗಿ ಕೋಲಿನಂತೆ ನೇರ, ನಿಜ. ಹಾಗಾಗಿಯೇ ಅದನ್ನು ಕ್ಲಾರಿಯೊನೆಟ್ ಎಂದುಕೊಳ್ಳುವವರಿದ್ದಾರೆ. ಆದರೆ ಬಾಗಿದ ಸೊಪ್ರಾನೊವೂ ಉಂಟು, ಆಲ್ಟೋದ ಮರಿಯ ಹಾಗೆ ಕಾಣುತ್ತದೆ. ನೇರ ಆಲ್ಟೋ ಮಾಡಿದವರೂ ಇದ್ದಾರೆ.

ನೋಡಬೇಕಾದದ್ದು ಕತ್ತನ್ನು. ಬಾಯಿಗಿಡುವ ತುದಿಯಿಂದ ಮೈ ಸೇರುವವರೆಗಿನ ಆ ಸಣ್ಣ ಕೊಳವೆ ಆಲ್ಟೋದಲ್ಲಿ ಒಂದೇ ಒಂದು ಸಲ, ನಲ್ಲಿಯ ಮೊಣಕೈಯಂತೆ ಬಾಗುತ್ತದೆ. ಟೆನರ್‌ನಲ್ಲಿ ಅದು ಮೇಲೆದ್ದು ತಗ್ಗಿ ಮತ್ತೆ ತುಸು ಏಳುತ್ತದೆ, ಹಂಸದ ಕೊರಳಿನ ಹಾಗೆ. ಬ್ಯಾರಿಟೋನ್‌ನಲ್ಲಿ ಅನುಮಾನಕ್ಕೆ ಎಡೆಯೇ ಇಲ್ಲ: ನೆತ್ತಿಯ ಮೇಲೆ ಕೊಳವೆ ಒಂದು ಸುತ್ತು ಸುರುಳಿ ಸುತ್ತಿಕೊಂಡಿರುತ್ತದೆ. ಸಭಾಂಗಣದ ಕೊನೆಯ ಸಾಲಿನಿಂದಲೂ ಇಷ್ಟು ಕಾಣುತ್ತದೆ.

ಕಿವಿಯಿಂದ ಗುರುತಿಸುವುದು ಅಷ್ಟು ಸಲೀಸಲ್ಲ. 1984ರ ‘ಕೇರ್‌ಲೆಸ್ ವಿಸ್ಪರ್’ ಹಾಡಿನ ಆ ಪ್ರಸಿದ್ಧ ಎಳೆಯನ್ನು ಆಲ್ಟೋ ಎಂದೇ ಪಣ ಕಟ್ಟುವವರು ಸಿಗುತ್ತಾರೆ. ಸ್ಟೀವ್ ಗ್ರೆಗರಿ ನುಡಿಸಿದ್ದು ಟೆನರ್, ಅದರ ಮೇಲಿನ ಸ್ವರಗಳಲ್ಲಿ. ಇನ್ನೊಂದು ತಮಾಷೆ, 2008ರ ‘ಕಿನ್ಸ್‌ಮೆನ್’ ಆಲ್ಬಮ್ಮಿನದು. ಅದರಲ್ಲಿ ಕದ್ರಿಯವರದೂ ಆಲ್ಟೋ, ಅಮೆರಿಕದ ಜಾಝ್ ವಾದಕ ರುದ್ರೇಶ್ ಮಹಾಂತಪ್ಪ ಅವರದೂ ಆಲ್ಟೋ. ಕೇಳಿದರೆ ಎರಡು ಬೇರೆ ವಾದ್ಯಗಳೆನ್ನಬೇಕು.

ಕಿವಿಗಿಂತ ಹಾರ್ಮೋನಿಯಂ ವಾಸಿ. ಎಲ್ಲ ಸ್ಯಾಕ್ಸೋಫೋನ್‌ಗಳ ಬೆರಳ ಹಿಡಿತವೂ ಹೆಚ್ಚುಕಡಿಮೆ ಒಂದೇ, ಹೊರಡುವ ಶ್ರುತಿ ಮಾತ್ರ ಬೇರೆ. ಸಿ ಎಂದು ಬರೆದ ಸ್ವರದ ಬೆರಳು ಹಿಡಿದು ಊದಿದರೆ ಆಲ್ಟೋದಲ್ಲೂ ಬ್ಯಾರಿಟೋನ್‌ನಲ್ಲೂ ಕೇಳುವುದು ಕಪ್ಪು ಎರಡು, ಅಂದರೆ ಹಾರ್ಮೋನಿಯಂನ ಎರಡನೇ ಕಪ್ಪು ಮನೆ. ಸೊಪ್ರಾನೊ, ಟೆನರ್‌ಗಳಲ್ಲಿ ಕಪ್ಪು ಐದು. ಯಕ್ಷಗಾನದ ಭಾಗವತರಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಿಲ್ಲ. ಆಲ್ಟೋದ ಬೆರಳಿನಲ್ಲಿ ಕಲಿತ ವರ್ಣವನ್ನು ಟೆನರ್‌ನಲ್ಲಿ ಹಾಗೆಯೇ ನುಡಿಸಿದರೆ, ಆಲ್ಟೋದ ಮಂದ್ರ ಪಂಚಮ ಇದ್ದ ಕಡೆ ಷಡ್ಜ ಬಂದು ಕೂರುತ್ತದೆ. ಬೆರಳು ತಪ್ಪಿರುವುದಿಲ್ಲ, ತಂಬೂರಿಯೊಂದಿಗೆ ಜಗಳ ಮಾತ್ರ ಶುರುವಾಗಿರುತ್ತದೆ.

ಹೆಸರು ಹೇಳದೆ ಬಿಡುವುದರ ನಷ್ಟ ಇರುವುದು ಇಲ್ಲಿ. ಯಾರೋ ಅಗ್ಗಕ್ಕೆ ಕೊಡುತ್ತಿದ್ದಾರೆಂದು ಹಳೆಯ ಟೆನರ್ ತಂದುಕೊಂಡ ಹುಡುಗ ಆಲ್ಟೋ ನುಡಿಸುವ ಗುರುಗಳ ಮುಂದೆ ಕೂತರೆ ಮೊದಲ ಪಾಠವೇ ಅಪಸ್ವರ. ಟೆನರ್ ಭಾರವೂ ಹೆಚ್ಚು, ಕೊರಳ ಪಟ್ಟಿ ಎಳೆಯುತ್ತದೆ, ಉಸಿರೂ ಹೆಚ್ಚು ಬೇಡುತ್ತದೆ. ಹತ್ತು ಹನ್ನೆರಡರ ಮಕ್ಕಳಿಗೆ ಆಲ್ಟೋವೇ ಸರಿ. ಸೊಪ್ರಾನೊ ಚಿಕ್ಕದೆಂದು ಸುಲಭವಲ್ಲ, ಅದರಲ್ಲಿ ಸ್ವರ ಶುದ್ಧವಾಗಿ ನಿಲ್ಲಿಸುವುದು ನುರಿತವರಿಗೂ ಕಷ್ಟ. ಆಮಂತ್ರಣದಲ್ಲಿ ‘ಆಲ್ಟೋ ಸ್ಯಾಕ್ಸೋಫೋನ್’ ಎಂದು ಒಂದು ಪದ ಹೆಚ್ಚು ಹಾಕಿದರೆ ಅಚ್ಚಿನ ಖರ್ಚೇನೂ ಏರುವುದಿಲ್ಲ. ಕಲಿಸುವವರೂ ಸೇರಿಸಿಕೊಳ್ಳುವ ದಿನವೇ ಈ ಮಾತು ಹೇಳಬೇಕು.

ರೀಡ್ ವಿಷಯದಲ್ಲೂ ಅಷ್ಟೇ. ಮೈ ಹಿತ್ತಾಳೆಯದಾದರೂ ಸ್ಯಾಕ್ಸೋಫೋನ್ ತುತ್ತೂರಿಯ ಬಳಗಕ್ಕೆ ಸೇರದಿರುವುದು ತುಟಿಯ ಬಳಿ ನಡುಗುವ ಆ ಜೊಂಡಿನ ಸೀಳಿನಿಂದ. ಟೆನರ್‌ನ ರೀಡ್ ಅಗಲ, ಆಲ್ಟೋದ ಮೂತಿಗೆ ಕೂರುವುದಿಲ್ಲ. ಡಬ್ಬಿಯ ಮೇಲಿನ 2, 2½ ಎಂಬ ಅಂಕಿಯನ್ನು ಅಳತೆ ಎಂದುಕೊಂಡು ಕೊಳ್ಳುವವರುಂಟು. ಅದು ಗಡಸುತನದ ಅಂಕಿ. ‘ಸ್ಯಾಕ್ಸೋಫೋನಿಗೆ ಎರಡೂವರೆ ನಂಬರಿನ ರೀಡ್ ಕೊಡಿ’ ಎಂದರೆ ವಿಷಯ ಗೊತ್ತಿರುವ ಅಂಗಡಿಯವರು ಡಬ್ಬಿಗೆ ಕೈ ಹಾಕುವ ಮೊದಲು ತಿರುಗಿ ಕೇಳುತ್ತಾರೆ: ‘ಯಾವುದಕ್ಕೆ?’